ಆರಕ್ಕೆ ಗೇಟು ಹಾಕುತ್ತಾರೆ

"ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಟೈಮು. ಬುದ್ಧಿ ಇದ್ದವರಿಗೆ ರ‍್ಯಾಂಕ್ ಬರುತ್ತೆ. ಇದರಲ್ಲಿ ಅನ್ಯಾಯ ಎಲ್ಲಿಂದ ಬಂತು? ಅದೂ ಅಲ್ಲದೆ ನಿಮಗೆ ಗಡಿನಾಡು ಕೋಟಾ ಬೇರೆ ಇದೆಯಲ್ಲ" ಅಂತ ಸಿಇಟಿ ಬಗ್ಗೆ, ಅದೇ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಬಗ್ಗೆ, ನೀನು ಅಂದೆ. ಬೆಂಗಳೂರಲ್ಲಿ ಕೂತು ಅನ್ನೋದು ಸುಲಭ.

ಕೋಟಾ ವಿಷಯ ಮೊದಲು ಮುಗಿಸುತ್ತೇನೆ. ಸಿಇಟಿ ಲೆಕ್ಕದಲ್ಲಿ ಗಡಿನಾಡು ಕನ್ನಡಿಗರು ಅಂದರೆ ರಾಜ್ಯದ ಗಡಿಯಾಚೆಯ ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ ಕಡೆಯವರು. ಅವರು 50 ಅಂಕದ ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ನಾವು ಡಿ.ಬಿ. ಕುಪ್ಪೆಯವರು, ಎಚ್.ಡಿ. ಕೋಟೆ ತಾಲ್ಲೂಕು, ಅಪ್ಪಟ ಮೈಸೂರು ಜಿಲ್ಲೆ ಕಣೋ. ಕೇರಳ ಗಡಿಯ ಬಾವಲಿ ಪಕ್ಕದಲ್ಲಿದೆ ಅಂತ ನಮ್ಮನ್ನು ಕೇರಳಕ್ಕೆ ದಾಟಿಸಬೇಡ. ನಮಗಿರೋದು ಎಲ್ಲ ಹಳ್ಳಿಯವರಿಗೂ ಇರುವ ಶೇ. 15ರ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇ. 5. ಒಂದರಿಂದ ಹತ್ತನೇ ಕ್ಲಾಸಿನವರೆಗಿನ ಸರ್ಟಿಫಿಕೇಟು ಸರಿಯಾಗಿದ್ದರೆ ಮಾತ್ರ.

ಈಗ ಬುದ್ಧಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಕ್ಯಾಲ್ಕುಲೇಟರ್ ಇಲ್ಲ. ತಪ್ಪಿಗೆ ಅಂಕ ಕಳೆಯಲ್ಲ. ಯಾವುದನ್ನು ಬಿಟ್ಟು ಮುಂದೆ ಹೋಗಬೇಕು, ಕೊಟ್ಟ ನಾಲ್ಕು ಉತ್ತರಗಳಲ್ಲಿ ಯಾವ ಎರಡನ್ನು ಲೆಕ್ಕ ಮಾಡದೆಯೇ ಹೊಡೆದುಹಾಕಬೇಕು, ಇದೆಲ್ಲ ಮತ್ತೆ ಮತ್ತೆ ಟೆಸ್ಟ್ ಬರೆದವರಿಗೆ ಬರುವ ಕೈಚಳಕ. ನಮ್ಮ ಅಣ್ಣನ ಮಗಳು ಒಂದೊಂದು ಹಂತವನ್ನೂ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆಯುವವಳು. ಪಿಯುಸಿ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗುತ್ತೆ. ಸಿಇಟಿಯಲ್ಲಿ ಟೈಮ್ ಹೋಗುತ್ತೆ ಅಷ್ಟೇ.

ಕೋಚಿಂಗಿಗೆ ಹಾಕಿ ಅಂತೀಯ. ನಮ್ಮೂರಿನ ಕಡೆಯ ಮಾನಂದವಾಡಿ ರಸ್ತೆ ನಾಗರಹೊಳೆ ಕಾಡೊಳಗೆ ಹಾದುಹೋಗುತ್ತದೆ. ಸಂಜೆ 6ಕ್ಕೆ ಬಂದ್, ಮತ್ತೆ ತೆಗೆಯೋದು ಬೆಳಿಗ್ಗೆ 6ಕ್ಕೆ. ಆನೆ, ಜಿಂಕೆ ಗಾಡಿಗೆ ಸಿಕ್ಕಿ ಸಾಯಬಾರದು, ಒಪ್ಪಿದೆ. ನಮಗಿಂತ ಮುಂಚಿನ ನಿವಾಸಿಗಳು ಅವು. ಆದರೆ ಕಾಲೇಜು ಬಿಟ್ಟ ಮೇಲೆ ಹುಡುಗಿ ಒಂದು ಡೌಟ್ ಕೇಳೋಣ ಅಂತ ನಿಂತಳೋ, ಬಸ್ಸು ಹೋಯಿತು. ಆಮೇಲೆ ಎಚ್.ಡಿ. ಕೋಟೆಯಲ್ಲಿ ಯಾರ ಮನೆಯಲ್ಲಿ ಮಲಗಿಸೋದು ಅಂತ ಫೋನ್ ಮೇಲೆ ಫೋನ್. ಸಂಜೆ ಬ್ಯಾಚ್ ಶುರುವಾಗೋ ಹೊತ್ತಿಗೆ ಅವಳು ಗೇಟಿನ ಒಳಗಿರಬೇಕು. ಬೆಳಗಿನ ಬ್ಯಾಚ್ ಶುರುವಾಗೋ ಹೊತ್ತಿಗೆ ಇನ್ನೂ ಗೇಟೇ ತೆಗೆದಿರಲ್ಲ. ಆನ್‌ಲೈನ್ ಅಂದೀಯ, ಸಿಗ್ನಲ್ ಸಿಗೋದು ಅಂಗಳದಾಚೆ, ಕತ್ತಲಾದರೆ ಅಲ್ಲಿ ಆನೆ. ಮೈಸೂರಲ್ಲಿ ಪಿಜಿಗೆ ಹಾಕೋಣ ಅಂದರೆ ಅಣ್ಣನ ಹತ್ತಿಗೆ ರೇಟಿಲ್ಲ.

ಹಾಗಂತ ಸಿಇಟಿ ತೆಗೆದುಹಾಕಿ ಅಂತ ನಾನು ಹೇಳಲ್ಲ. 1994ರಲ್ಲಿ ಸಿಇಟಿ ಬರುವ ಮುಂಚಿನ, ದುಡ್ಡು ಕೊಟ್ಟವರಿಗೆ ಸೀಟು ಅನ್ನೋ ಕ್ಯಾಪಿಟೇಶನ್ ಕಾಲ ಯಾರಿಗೆ ಬೇಕು? ಎಂಜಿನಿಯರಿಂಗಿಗೆ ಪಿಯುಸಿ ಅಂಕವನ್ನೂ ಅರ್ಧ ಸೇರಿಸುತ್ತಾರೆ, ನಮ್ಮ ಹುಡುಗಿಗೆ ಅದೇ ಆಸರೆ. ಮೆಡಿಕಲ್ ಸೀಟಿನ ನೀಟ್‌ನಲ್ಲಿ ಅದೂ ಇಲ್ಲ. ಅಲ್ಲಿ ಪಿಯುಸಿ ಆದ ಮೇಲೆ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಕೂತವರ ಅಂಕ ಎಷ್ಟೋ ಸಲ ಮೊದಲಿಗಿಂತ ತುಂಬಾ ಏರುತ್ತದೆ, ನಿನ್ನ ಮಗನದೇ ನೋಡು. ತಲೆ ಹಳೇದೇ ಅಲ್ವಾ?

ಅವನು ಬರೆದು ಮುಗಿಸಿದ ಮಾಕ್ ಟೆಸ್ಟ್ ಪೇಪರ್‌ಗಳಿದ್ದರೆ ರದ್ದಿಗೆ ಹಾಕಬೇಡ. ಮೈಸೂರಿಗೆ ಬರುವಾಗ ತಂದು ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡು, ಬರುತ್ತೆ. ಮಧ್ಯಾಹ್ನದ ಬಸ್ಸಿಗೇ ಕೊಡು.