ಡಾಕ್ಟರಿಗೆ ಹೇಳಿದರೆ ಮನೆಯವರಿಗೆ ಗೊತ್ತಾಗುತ್ತಾ?

ನಿಮಗೆ ನೀವೇ ಗಾಯ ಮಾಡಿಕೊಳ್ಳುವ ವಿಷಯ ಡಾಕ್ಟರಿಗೆ ಹೇಳಿದರೆ ಅವರು ಅಪ್ಪ ಅಮ್ಮನಿಗೆ ಹೇಳಿಬಿಡುತ್ತಾರಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಹೇಳುವುದಿಲ್ಲ. ರೋಗಿಯ ಮಾತು ಗುಟ್ಟಾಗಿಡುವುದು ಅವರ ಕೆಲಸದ ಭಾಗ. ಆದರೆ ಜೀವಕ್ಕೆ ಈಗಲೇ ಅಪಾಯ ಇದೆ ಅನ್ನಿಸಿದರೆ ಬೇರೆಯವರಿಗೆ ತಿಳಿಸಬಹುದು. ನಿಮಗೆ ಹದಿನೆಂಟು ತುಂಬಿಲ್ಲದಿದ್ದರೆ ನಿಯಮ ಬೇರೆ ಇರಬಹುದು, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಹಾಗಾಗಿ ವಿಷಯ ತೆಗೆಯುವ ಮೊದಲೇ ಕೇಳಿ: "ನಾನು ಹೇಳುವುದು ನಮ್ಮಿಬ್ಬರ ನಡುವೆ ಇರುತ್ತಾ? ಯಾವಾಗ ಬೇರೆಯವರಿಗೆ ಹೇಳುತ್ತೀರಿ? ಫೈಲಿನಲ್ಲಿ ಏನು ಬರೆಯುತ್ತೀರಿ?" ಇದು ತಲೆಹರಟೆ ಪ್ರಶ್ನೆ ಅಲ್ಲ, ಅವರಿಗೆ ಇದು ಮಾಮೂಲು. ಉತ್ತರ ಕೇಳಿ ಎಷ್ಟು ಹೇಳಬೇಕು ಅಂತ ನೀವೇ ನಿರ್ಧರಿಸಿ. ಮನೆಯವರು ಜೊತೆಗೆ ಬಂದಿದ್ದರೆ, ಸ್ವಲ್ಪ ಹೊತ್ತು ಒಬ್ಬರೇ ಮಾತಾಡಬೇಕು ಅನ್ನಿ. ಇನ್ಶೂರೆನ್ಸ್ ಮನೆಯವರ ಹೆಸರಿನಲ್ಲಿದ್ದರೆ ಬಿಲ್ಲಿನಿಂದ ವಿಷಯ ಹೊರಬರಬಹುದು. ಅದನ್ನೂ ಕೇಳಿಬಿಡಿ.

ಹೇಳಲು ಬಾಯಿ ಬರದಿದ್ದರೆ ಮೂರು ಸಾಲು ಬರೆದು ಚೀಟಿ ಕೊಡಿ.

ಸಾಯುವ ಯೋಚನೆ ಇದೆಯಾ ಅಂತ ಡಾಕ್ಟರ್ ನೇರವಾಗಿ ಕೇಳಬಹುದು. ಗಾಬರಿಯಾಗಬೇಡಿ. ಗಾಯ ಮಾಡಿಕೊಳ್ಳುವ ಎಲ್ಲರಿಗೂ ಸಾಯುವ ಆಸೆ ಇರುವುದಿಲ್ಲ, ಅದು ಅವರಿಗೂ ಗೊತ್ತು. ಹೌದು ಅಂದ ಮಾತ್ರಕ್ಕೆ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿಸಿಬಿಡುವುದೂ ಇಲ್ಲ. ನಿಜ ಹೇಳಿ. ಒಬ್ಬರು ಸುಮ್ನೆ ಬೈದು ಕಳಿಸಿದರೆ ಅದು ಅವರ ತಪ್ಪು, ಇನ್ನೊಬ್ಬರ ಹತ್ತಿರ ಹೋಗಿ.

ಈಗಲೇ ಸಾಯಬೇಕು ಅನ್ನಿಸುತ್ತಿದ್ದರೆ, ಅಥವಾ ಗಾಯ ಆಳವಾಗಿದ್ದರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಈಗಲೇ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಸಹಾಯವಾಣಿಗೆ ಫೋನ್ ಮಾಡಿ. ನಂಬುವ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಮ್ಮ ವಯಸ್ಸು ಎಷ್ಟು ಅಂತ ತಿಳಿಸಿದರೆ ಇನ್ನಷ್ಟು ಸರಿಯಾಗಿ ಹೇಳಬಹುದು.