ಜಪಾನಿನ ಹಳೇ ಟೆಕ್ನಿಕ್ಸ್ ರೆಕಾರ್ಡ್ ಪ್ಲೇಯರ್ ತಗೋಬೋದಾ?
ಜಪಾನಿಂದ ಬಂದಿರೋ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಸಿಗ್ತಿದೆ, ಬೆಲ್ಟೇ ಇಲ್ವಲ್ಲ ರಿಪೇರಿ ಬರಲ್ಲ ತಾನೆ ಅಂತ ಕೇಳಿದೀರಲ್ಲ ಸರ್, ಬೆಲ್ಟ್ ಇಲ್ಲ ನಿಜ, ಮೋಟರೇ ರೆಕಾರ್ಡ್ ತಟ್ಟೆನ ನೇರ ತಿರುಗಿಸುತ್ತೆ, ಆದ್ರೆ ಅದರ ಬದಲು ಒಳಗೆ ಎಲೆಕ್ಟ್ರಾನಿಕ್ಸ್ ಕೂತಿದೆ. ಈ ಮಾಡೆಲ್ ಬಂದಿದ್ದೇ 1979ರಲ್ಲಿ, ಶುರುವಿನ ಪೀಸಾದ್ರೆ ಕೆಪಾಸಿಟರ್ ಒಣಗಿರ್ಬೋದು, ಅದೇನೂ ದೊಡ್ಡ ಕೆಲ್ಸ ಅಲ್ಲ ಬಿಡಿ. ಮೋಟರ್ ಕಂಟ್ರೋಲ್ ಐಸಿ, ಅಂದ್ರೆ ಮೋಟರ್ ನಡೆಸೋ ಚಿಪ್, ಹೋದ್ರೆ ಮಾತ್ರ ತಲೆನೋವು, ಇನ್ನೊಂದು ಸತ್ತ ಮಷೀನಿಂದ ಕಿತ್ತು ಹಾಕೋ ಪರಿಸ್ಥಿತಿ.

ನೋಡೋಕೆ ಹೋದಾಗ ಓಡಿಸಿ, ಸ್ಪೀಡ್ ಹೆಚ್ಚುಕಮ್ಮಿ ಮಾಡೋ ಪಿಚ್ ಸ್ಲೈಡರ್ ಸೊನ್ನೆಗೆ ತನ್ನಿ, ಪ್ಲ್ಯಾಟರ್ (ರೆಕಾರ್ಡ್ ಇಡೋ ತಟ್ಟೆ) ಅಂಚಲ್ಲಿರೋ ದೊಡ್ಡ ಚುಕ್ಕಿ ಸಾಲು ಪಕ್ಕದ ಕೆಂಪು ಲೈಟಲ್ಲಿ ನಿಂತಲ್ಲೇ ನಿಂತಂಗೆ ಕಾಣ್ಬೇಕು, ಮೆಲ್ಲಗೆ ತೆವಳ್ತಿದ್ರೆ ಸ್ಪೀಡ್ ಸರಿ ಇಲ್ಲ ಅಂತ. ಆಮೇಲೆ ಮುಳ್ಳು ಹಿಡಿದಿರೋ ಕೈ, ಅಂದ್ರೆ ಟೋನ್ ಆರ್ಮ್, ಅದರ ಬುಡ ಹಗುರಾಗಿ ಅಲ್ಲಾಡಿಸಿ, ಲಟಲಟ ಅಂದ್ರೆ ಬೇರಿಂಗ್ ಸಡಿಲ, ಯಾರೋ ಡಿಜೆ ಚೆನ್ನಾಗಿ ಜಜ್ಜಿದಾರೆ, ಬೇಡ.

ಜಪಾನ್ ಪೀಸು 100 ವೋಲ್ಟಿಂದು, ನಮ್ಮ 230ಕ್ಕೆ ನೇರ ಚುಚ್ಚಿದ್ರೆ ಕಥೆ ಮುಗೀತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚೂ ರೇಟಿಗೆ ಸೇರಿಸ್ಕೊಳ್ಳಿ.

ಇಷ್ಟೆಲ್ಲಾ ಸರಿ ಇದ್ರೆ ಕಣ್ಮುಚ್ಚಿ ತಗೊಳ್ಳಿ, ಸ್ಟಾರ್ಟ್ ಒತ್ತಿದ 0.7 ಸೆಕೆಂಡಿಗೆ ಫುಲ್ ಸ್ಪೀಡ್, ಶಹನಾಯಿಯ ಉದ್ದ ಸ್ವರಾನೂ ಒಂಚೂರು ನಡುಗಲ್ಲ. ತರೋವಾಗ ಪ್ಲ್ಯಾಟರ್ ಬಿಚ್ಚಿ ಬೇರೆ ಸುತ್ತಿ, ಅದರ ತಳದಲ್ಲೇ ಮೋಟರಿನ ಮ್ಯಾಗ್ನೆಟ್ ಇರೋದು.