ಕಾಸರಗೋಡಿನ ಮನೆಯ ಸನ್‌ಶೇಡಿಗೆ ಹಾಕಿದ ರಿಪೇರಿ ಗಾರೆ ಗಟ್ಟಿಯಾಗಿ ಹಿಡಿದಿದೆಯೇ ಅಂತ ತಿಳಿಯುವುದು ಹೇಗೆ?

ಎಳೆದೇ ನೋಡಬೇಕು. ಇದಕ್ಕೆ ‘ಪುಲ್-ಆಫ್’ ಪರೀಕ್ಷೆ ಅಂತಾರೆ. ಗಾರೆ ದಾಟಿ ಹಳೇ ಕಾಂಕ್ರೀಟಿಗೆ ತುಸು ಇಳಿಯುವಷ್ಟು ದುಂಡಗೆ ಕೊರೆದು, ಮೇಲೆ 50 ಮಿ.ಮೀ. ಉಕ್ಕಿನ ಬಿಲ್ಲೆಯನ್ನು ಎಪಾಕ್ಸಿಯಿಂದ ಅಂಟಿಸಿ, ಕಿತ್ತು ಬರುವವರೆಗೆ ನೇರ ಎಳೆಯುತ್ತಾರೆ. ಭಾರ ಹೊರುವ ಭಾಗದ ರಿಪೇರಿಗೆ ಯುರೋಪಿನ ಮಾನದಂಡ ಕೇಳುವುದು ಕನಿಷ್ಠ 1.5 ಮೆಗಾಪ್ಯಾಸ್ಕಲ್. ಅಂದರೆ ಆ ಪುಟ್ಟ ಬಿಲ್ಲೆಗೆ ಸುಮಾರು 300 ಕೆ.ಜಿ. ಎಳೆತ!

ಅಂಕಿಯಷ್ಟೇ ಅಲ್ಲ, ಎಲ್ಲಿ ಮುರಿಯಿತು ಅಂತಾನೂ ನೋಡಿ. ಹಳೇ ಕಾಂಕ್ರೀಟೇ ಮುರಿದರೆ ಬೆಸುಗೆ ಅದಕ್ಕಿಂತ ಗಟ್ಟಿ. ಜೋಡಿನಲ್ಲೇ ನುಣ್ಣಗೆ ಬಿಟ್ಟರೆ ಹೆಚ್ಚಾಗಿ ತಪ್ಪು ಮೇಲ್ಮೈಯದು. ನಮ್ಮ ಮಳೆಗೆ ಸನ್‌ಶೇಡಿನಲ್ಲಿ ಪಾಚಿ ಕಟ್ಟುತ್ತೆ ಅಲ್ವಾ, ಅದನ್ನು ಸುಮ್ನೆ ಗುಡಿಸಿದರೆ ಸಾಲದು, ಕಾಂಕ್ರೀಟ್ ಒರಟಾಗುವವರೆಗೆ ಕೆರೆಯಬೇಕು. ಹಳೇ ಕಾಂಕ್ರೀಟ್ ತೀರಾ ಒಣಗಿದ್ದರೆ ಗಾರೆಯ ನೀರು ಹೀರಿ ಜೋಡಿನ ಸಿಮೆಂಟನ್ನೇ ಸೊರಗಿಸುತ್ತದೆ. ಒಳಗೆ ನೆನೆದು, ಮೇಲೆ ನೀರು ನಿಲ್ಲದಂತಿರಲಿ.